ಬಲಗಾಲಿನ ತುದಿ ಸವೆದಿದೆ ಎಂದವರಿಗೆ

ಓಟದ ಶೂ ಅಂಗಡಿಯಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು ನನ್ನ ಪಾದ ಅಳೆದ ನಿಮಗೆ,

ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕಾಗದ ಬರೆಯುವಾಗ ಮೊದಲು ಅದನ್ನೇ ಕೇಳಿ ಅಭ್ಯಾಸ, ಹಾಗಾಗಿ ಕೇಳಿಬಿಟ್ಟೆ. ನಿಮ್ಮ ಹೆಸರು ಗೊತ್ತಿಲ್ಲವೆಂದಲ್ಲ. ಅಂಗಿಯ ಮೇಲಿನ ಬಿಲ್ಲೆಯಲ್ಲಿತ್ತು. ಹಿಂದೊಮ್ಮೆ ಅದನ್ನು ಒಂದಕ್ಷರ ತಪ್ಪಿಲ್ಲದೆ ಬರೆದವಳು ನಾನೇ, ಅದರಿಂದ ನಿಮಗೆ ಆದದ್ದು ಸಾಕು. ಈ ಪತ್ರದಲ್ಲಿ ಅದನ್ನು ಮುಟ್ಟುವುದಿಲ್ಲ.

ನನ್ನ ನೆನಪು ನಿಮಗಿದೆಯೋ ಇಲ್ಲವೋ. ದಿನಕ್ಕೆ ಎಷ್ಟು ಜನರ ಪಾದ ಹಿಡಿಯುತ್ತಿದ್ದಿರೋ ಏನೋ. ಹೋದ ವರ್ಷ ಒಂದು ಸಂಜೆ, ಕನ್ನಡಕದಂಗಡಿಯ ಪಕ್ಕದ ನಿಮ್ಮ ಅಂಗಡಿಗೆ ಬಂದ ಐವತ್ತರ ಹೆಂಗಸು ನಾನು. ದೊಡ್ಡ ಗಂಟಲು. ಜೊತೆಯಲ್ಲಿ ನಮ್ಮ ಕಚೇರಿಯ ರಿಸೆಪ್ಷನ್ ಹುಡುಗಿ ಇದ್ದಳು. ನನ್ನ ಕೈಯಲ್ಲೊಂದು ಬಟ್ಟೆ ಚೀಲ, ಅದರೊಳಗೆ ಹಳೆಯ ಬೂದು ಬಣ್ಣದ ಒಂದು ಜೊತೆ ಶೂ. ಹಳೆ ಶೂ ಇದ್ದರೆ ತನ್ನಿ, ಅದನ್ನು ನೋಡಿ ಹೊಸದು ಆರಿಸಿಕೊಡುತ್ತೇವೆ ಎಂದು ನಿಮ್ಮ ಬಾಗಿಲ ಮೇಲೆ ಬರೆದಿತ್ತು. ಬರೆಯದಿದ್ದರೆ ನಾನು ತರುತ್ತಿರಲಿಲ್ಲ, ಇಷ್ಟೆಲ್ಲ ಆಗುತ್ತಲೂ ಇರಲಿಲ್ಲ ಎಂದು ಎಷ್ಟೋ ಸಲ ಬಾಗಿಲನ್ನೇ ಬೈದುಕೊಂಡಿದ್ದೇನೆ. ತಪ್ಪು ಮಾಡಿದವರು ಮೊದಲು ಮರ, ಕಲ್ಲು, ಬಾಗಿಲುಗಳನ್ನೇ ಬೈಯುವುದು.

ಸತ್ಯವನ್ನು ಈಗಲೇ ಹೇಳಿಬಿಡುತ್ತೇನೆ. ಆ ಶೂ ನನ್ನದಲ್ಲ. ಅಂದರೆ, ಕೊಂಡವಳು ನಾನು. ಕೊಂಡು ಒಂಬತ್ತು ದಿನ ಓಡಿದೆ. ಹತ್ತನೆಯ ದಿನ ಮಂಡಿ ನೋವೆಂದು ಮಲಗಿದವಳು ಮತ್ತೆ ಆ ಹೊತ್ತಿಗೆ ಏಳಲಿಲ್ಲ. ಮೂಲೆ ಸೇರಿದ್ದ ಶೂವನ್ನು ನನ್ನ ಅಕ್ಕ ಎತ್ತಿಕೊಂಡಳು. ನಮ್ಮಿಬ್ಬರದೂ ಒಂದೇ ಅಳತೆ. ಅಂದಿನಿಂದ ಎರಡು ವರ್ಷ, ಬೆಳಿಗ್ಗೆ ಪಾರ್ಕಿನ ಸುತ್ತ ಒಂದು ಗಂಟೆ ನಡೆದು ಬರುವುದು ಅವಳ ಕ್ರಮವಾಯಿತು. ನಾನು ಹೊದ್ದು ಮಲಗಿರುತ್ತಿದ್ದೆ. ಕಚೇರಿಯಲ್ಲಿ ಮಾತ್ರ ನಾನು ದಿನಾ ಆರು ಕಿಲೋಮೀಟರ್ ಓಡುವವಳು. ಯಾರೋ ತಮಾಷೆಗೆ ಕೇಳಿದಾಗ ಹೂಂ ಅಂದದ್ದು, ಆಮೇಲೆ ತಾನಾಗಿ ಬೆಳೆಯಿತು. ಬಾಯಿಮಾತಿನ ಓಟಕ್ಕೆ ಉಸಿರು ಕಟ್ಟುವುದಿಲ್ಲ ನೋಡಿ. ಕೊನೆಗೆ ಕಚೇರಿಯವರೆಲ್ಲ ಸೇರಿ ಹತ್ತು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟರು, ನನ್ನನ್ನೇ ತಂಡದ ಮುಂದಾಳು ಮಾಡಿದರು. ಹೊಸ ಶೂ ಬೇಕಾದದ್ದು ಅದಕ್ಕೆ. ಅಕ್ಕನ ಶೂವನ್ನು ಚೀಲಕ್ಕೆ ತುಂಬಿಕೊಂಡದ್ದು, ಅಷ್ಟು ಸವೆದ ಅಟ್ಟೆ ನೋಡಿದರೆ ರಿಸೆಪ್ಷನ್ ಹುಡುಗಿಯೂ ನಂಬುತ್ತಾಳೆ ಎಂಬ ಆಸೆಗೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಬಟ್ಟೆ ಹೊಲಿಯುತ್ತಾಳೆ. ಮದುವೆ ಮುರಿದು ಎರಡು ಪೆಟ್ಟಿಗೆ ಹಿಡಿದುಕೊಂಡು ನಾನು ಅವಳ ಮನೆಯ ಬಾಗಿಲಿಗೆ ಬಂದು ಹನ್ನೊಂದು ವರ್ಷವಾಯಿತು. ಎಷ್ಟು ದಿನ ಇರ್ತೀಯಾ ಎಂದು ಅವತ್ತು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಹೊಲಿಗೆ ಮೆಷಿನ್ನನ್ನು ಕಿಟಕಿಯ ಕೋಣೆಯಿಂದ ಹಜಾರಕ್ಕೆ ಎಳೆದು, ಕಿಟಕಿಯ ಕೋಣೆಯನ್ನು ನನಗೆ ಬಿಟ್ಟುಕೊಟ್ಟಳು. ಬೆಳಕು ಬೇಕಾದದ್ದು ಹೊಲಿಯುವವಳಿಗೆ ಎಂದು ನನಗಾಗಲೀ ಅವಳಿಗಾಗಲೀ ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತು ಅನ್ನಿಸುತ್ತದೆ, ಈಗ.

ನಿಮ್ಮ ಕೆಲಸದ ರೀತಿಯನ್ನು ನಾನು ಮರೆತಿಲ್ಲ. ಅಷ್ಟು ಚೆನ್ನಾಗಿ ನನ್ನನ್ನು ಯಾವ ಅಂಗಡಿಯಲ್ಲೂ ಯಾರೂ ನೋಡಿಕೊಂಡಿರಲಿಲ್ಲ. ಕೂತಾಗ ಬೇಡ, ನಿಂತಾಗಲೇ ಪಾದದ ನಿಜವಾದ ಅಳತೆ ಸಿಗುವುದೆಂದು ನನ್ನನ್ನು ಲೋಹದ ಹಲಗೆಯ ಮೇಲೆ ನಿಲ್ಲಿಸಿದಿರಿ. ಎರಡೂ ಪಾದ ಬೇರೆ ಬೇರೆಯಾಗಿ ಅಳೆದಿರಿ. ನಾನು ಕೆಂಪು ಬಣ್ಣದ ದುಬಾರಿ ಜೊತೆಗೆ ಕೈ ಹಾಕಿದಾಗ, ಅದು ನಿಮ್ಮ ಹಿಮ್ಮಡಿಗೆ ಕೂರೋದಿಲ್ಲ ಮೇಡಂ ಎಂದು ನೀವೇ ಅದನ್ನು ಗೋಡೆಗೆ ವಾಪಸಿಟ್ಟಿರಿ. ಕಡಿಮೆ ಬೆಲೆಯದ್ದನ್ನು ತೊಡಿಸಿ, ಹೆಬ್ಬೆರಳಿನ ಮುಂದೆ ಜಾಗ ಇದೆಯೇ ಎಂದು ನಿಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿದಿರಿ. ಮೇಲಿನ ಇನ್ನೊಂದು ತೂತಿನಲ್ಲಿ ದಾರ ಹಾಯಿಸಿ ಕಟ್ಟಿದರೆ ಹಿಮ್ಮಡಿ ಜಾರುವುದಿಲ್ಲವೆಂದು ಕಟ್ಟಿ ತೋರಿಸಿದಿರಿ. ನನ್ನ ಪಾದ ನಿಮ್ಮ ಮಡಿಲಲ್ಲಿತ್ತು. ನನಗೆ ರಾಣಿಯ ಗತ್ತು ಬಂದಿತ್ತು.

ಆಮೇಲೆ ಹಳೆಯ ಶೂ ಕೇಳಿದಿರಿ. ಎರಡನ್ನೂ ಮಗುಚಿ ಅಕ್ಕಪಕ್ಕ ಇಟ್ಟು ದೀಪದ ಕೆಳಗೆ ಹಿಡಿದಿರಿ. ದಿನಾ ಇದನ್ನೇ ಹಾಕಿಕೊಂಡು ಓಡುತ್ತೀರಾ ಎಂದು ಕೇಳಿದಿರಿ. ಎರಡು ವರ್ಷದಿಂದ, ತಪ್ಪದೆ, ಮಳೆಯಿರಲಿ ಚಳಿಯಿರಲಿ ಎಂದೆ. ರಿಸೆಪ್ಷನ್ ಹುಡುಗಿಗೆ ಕೇಳಿಸಲೆಂದು ಸ್ವಲ್ಪ ಜೋರಾಗಿಯೇ ಅಂದೆ. ನೀವು ಬಲಗಾಲಿನ ಶೂವಿನ ಮೂತಿಯ ಮೇಲೆ ಬೆರಳಾಡಿಸುತ್ತ ಇದ್ದಿರಿ.

"ಮೇಡಂ, ಬಲಗಡೇದು ತುದಿ ಪೂರ್ತಿ ಸವೆದಿದೆ. ಎಡಗಡೇದು ಹಾಗಿಲ್ಲ. ನಿಮಗೆ ಇತ್ತೀಚೆಗೆ ಎಡವೋದು ಜಾಸ್ತಿ ಆಗಿದೆಯಾ? ಬೆನ್ನುನೋವು ಏನಾದ್ರೂ?"

ಇಲ್ಲವೇ ಇಲ್ಲ ಎಂದೆ. ನನ್ನನ್ನು ಓಡುವ ಯಂತ್ರದ ಮೇಲೆ ಹತ್ತಿಸಿದಿರಿ. ಹಿಂದಿನಿಂದ ಕ್ಯಾಮೆರಾ ಇಟ್ಟು ನಾನು ಏದುಸಿರು ಬಿಡುತ್ತ ಓಡಿದ್ದನ್ನು ಪರದೆಯ ಮೇಲೆ ನಿಧಾನವಾಗಿ ಎರಡು ಮೂರು ಸಲ ನೋಡಿದಿರಿ. ನಿಮ್ಮ ಹುಬ್ಬು ಗಂಟಾದದ್ದು ನನಗೆ ಕಾಣಿಸಿತು. ಓಡುವ ಕಾಲಿಗೂ ಈ ಶೂಗೂ ತಾಳೆ ಆಗುತ್ತಿಲ್ಲವೆಂದು ಮೆಲ್ಲಗೆ ಹೇಳಿ, ಇದನ್ನು ಮನೆಯಲ್ಲಿ ಬೇರೆ ಯಾರಾದರೂ ಹಾಕಿಕೊಳ್ಳುತ್ತಾರೆಯೇ ಎಂದು ಕೇಳಿದಿರಿ. ರಿಸೆಪ್ಷನ್ ಹುಡುಗಿ ಫೋನಿನಿಂದ ತಲೆ ಎತ್ತಿದಳು. ಅವಳ ತುಟಿಯ ಕೊನೆಯಲ್ಲಿ ಏನೋ ಆಯಿತು. ಅಷ್ಟು ಸಾಕಾಯಿತು ನನಗೆ.

"ಅಂದ್ರೆ ಬೇರೆಯವರ ಶೂ ಎತ್ಕೊಂಡು ಬಂದಿದೀನಿ ಅಂತೀಯಾ?"

ಅಲ್ಲಿಯವರೆಗೆ ನೀವು ಅನ್ನುತ್ತಿದ್ದವಳು ಆ ಒಂದು ಮಾತಿಗೆ ನೀನು ಎಂಬಲ್ಲಿಗೆ ಇಳಿದಿದ್ದೆ. ಮುಂದೆ ಏನೇನು ಕೂಗಿದೆನೋ ಅದನ್ನು ಇಲ್ಲಿ ಬರೆಯುವುದು ಬೇಡ, ನೀವು ಕೇಳಿಸಿಕೊಂಡಿದ್ದೀರಿ. ಶೂ ಮಾರುವವಳು ಶೂ ಮಾರಬೇಕು, ನಾಡಿ ಹಿಡಿಯಬಾರದು ಎಂದದ್ದು ಮಾತ್ರ ನೆನಪಿದೆ, ಯಾಕೆಂದರೆ ಆಗ ಅದು ಬಹಳ ಒಳ್ಳೆಯ ಮಾತೆನ್ನಿಸಿತ್ತು. ನೀವು ಒಂದು ಸಲವೂ ದನಿ ಎತ್ತಲಿಲ್ಲ. ಹೊಸ ಜೊತೆಯನ್ನು ಪೆಟ್ಟಿಗೆಗೆ ಹಾಕಿ, ಹಳೆಯದನ್ನು ಮತ್ತೆ ನನ್ನ ಬಟ್ಟೆ ಚೀಲಕ್ಕೆ ಸೇರಿಸಿ, ಬಾಗಿಲವರೆಗೂ ಬಂದು ನನ್ನೊಬ್ಬಳಿಗೇ ಕೇಳುವಂತೆ ಹೇಳಿದಿರಿ.

"ಯಾರೇ ಹಾಕ್ಕೊಂಡಿರ್ಲಿ ಮೇಡಂ, ಅವರನ್ನ ಒಂದ್ಸಲ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಈ ಶೂ ಎಸೀಬೇಡಿ, ತೋರಿಸಿ. ಅವರಿಗೆ ಪಾದ ಮೇಲಕ್ಕೆ ಏಳ್ತಿಲ್ಲ."

ನನಗೆ ಅರ್ಥವಾಗಲಿಲ್ಲ ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಬಸ್ಸಿನಲ್ಲಿ ಕೂತು ಎರಡನೆಯ ನಿಲ್ದಾಣ ದಾಟುವಷ್ಟರಲ್ಲಿ ಅರ್ಥವಾಗಿತ್ತು. ಅಕ್ಕನ ಕಾಲಿನ ಸದ್ದು ಬದಲಾಗಿತ್ತು. ಹಜಾರದಲ್ಲಿ ಅವಳು ಓಡಾಡುವಾಗ ಒಂದು ಹೆಜ್ಜೆ ಕೇಳುತ್ತಿತ್ತು, ಇನ್ನೊಂದು ಉಜ್ಜುತ್ತಿತ್ತು. ಅದನ್ನು ನಾನು ತಿಂಗಳುಗಳಿಂದ ಕೇಳುತ್ತಲೇ ಇದ್ದೆ. ಆದರೆ ಆ ಸಂಜೆ ಒಪ್ಪಿಕೊಂಡರೆ ನೀವು ಹೇಳಿದ್ದು ಸರಿ ಎಂದಾಗುತ್ತದೆ, ನೀವು ಸರಿಯಾದರೆ ನಾನು ಓಡುವವಳಲ್ಲ ಎಂದಾಗುತ್ತದೆ, ಹುಡುಗಿ ಅದನ್ನು ಬೆಳಗಾಗುವುದರೊಳಗೆ ಕಚೇರಿಗೆಲ್ಲ ಹಂಚುತ್ತಾಳೆ. ಇಷ್ಟು ಲೆಕ್ಕ ಹಾಕಿದೆ. ಬಸ್ಸಿಳಿದು ಮನೆಯ ತಿರುವಿನ ಕಸದ ತೊಟ್ಟಿಗೆ ಆ ಚೀಲವನ್ನು ಹಾಕಿ, ಕೈ ಕೊಡವಿ ಮನೆಗೆ ಹೋದೆ. ಹಳೆಯದನ್ನು ಅಂಗಡಿಯವರೇ ಇಟ್ಟುಕೊಂಡರು ಎಂದು ಅಕ್ಕನಿಗೆ ಹೇಳಿದೆ. ಅಯ್ಯೋ, ನನಗೆ ಅದೇ ಚೆನ್ನಾಗಿತ್ತಲ್ಲೇ ಎಂದಳು.

ಮರುದಿನ ಕೂತು ದೂರು ಬರೆದೆ. ಇಲ್ಲಿ ನೀವು ಒಂದು ವಿಷಯ ತಿಳಿದುಕೊಳ್ಳಬೇಕು. ದೂರುಗಳೇ ನನ್ನ ವೃತ್ತಿ. ಗ್ರಾಹಕರ ದೂರುಗಳನ್ನು ಓದಿ, ಅವುಗಳಿಗೆ ಉತ್ತರ ಬರೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಯಾವ ದೂರನ್ನು ಕಡತಕ್ಕೆ ಸೇರಿಸಿ ಮರೆಯಬಹುದು, ಯಾವುದಕ್ಕೆ ಯಾರದಾದರೂ ತಲೆ ಕೊಡಲೇಬೇಕಾಗುತ್ತದೆ ಎಂಬುದು ನನಗೆ ಅಂಗೈಯ ಗೆರೆ. ಸಿಟ್ಟಿನಿಂದ ಬರೆದ ದೂರಿಗೆ ಯಾರೂ ಹೆದರುವುದಿಲ್ಲ. ತಣ್ಣಗೆ ಬರೆಯಬೇಕು. "ವೈದ್ಯಕೀಯ ಅರ್ಹತೆಯಿಲ್ಲದ ಸಿಬ್ಬಂದಿಯೊಬ್ಬರು ಗ್ರಾಹಕರ ದೇಹಸ್ಥಿತಿಯ ಕುರಿತು ಇತರರ ಸಮಕ್ಷಮದಲ್ಲಿ ಹೇಳಿಕೆ ನೀಡಿ, ಅವರ ಪ್ರಾಮಾಣಿಕತೆಯನ್ನೂ ಪ್ರಶ್ನಿಸಿರುತ್ತಾರೆ." ಈ ವಾಕ್ಯ ಬರೆದು ಎರಡು ಸಲ ಓದಿಕೊಂಡೆ. ನನ್ನ ಮೇಜಿಗೆ ಇಂಥದ್ದು ಬಂದಿದ್ದರೆ ನಾನು ಏನು ಮಾಡುತ್ತಿದ್ದೆನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕಳಿಸಿದೆ. ನಿಮ್ಮ ಅನ್ನಕ್ಕೆ ಕಲ್ಲು ಹಾಕಿದ್ದು ಸಿಟ್ಟಲ್ಲ, ನನ್ನ ಅನುಭವ.

ನಾಲ್ಕನೆಯ ದಿನ ನಿಮ್ಮ ಮಾಲೀಕರೇ ಫೋನ್ ಮಾಡಿದರು. ನಿಮ್ಮನ್ನು ಗ್ರಾಹಕರೆದುರಿಗೆ ನಿಲ್ಲದಂತೆ ಗೋದಾಮಿಗೆ ಹಾಕಿರುವುದಾಗಿ ಹೇಳಿ, ಕ್ಷಮಾಪಣೆಯ ಗುರುತಾಗಿ ಇನ್ನೊಂದು ಜೊತೆ ಶೂ ಮನೆಗೆ ಕಳಿಸಿದರು. ಅದನ್ನು ಅಕ್ಕನಿಗೆ ಕೊಟ್ಟೆ. ಅವಳು ಪೆಟ್ಟಿಗೆಯ ಕಾಗದವನ್ನು ಹರಿಯದೆ ಬಿಡಿಸಿ, ಶೂ ತೊಟ್ಟು ಹಜಾರದಲ್ಲಿ ಆಕಡೆಯಿಂದ ಈಕಡೆಗೆ ನಡೆದು, ಎಷ್ಟು ಒಳ್ಳೇ ಜನಾನೇ, ಸುಮ್ನೆ ಯಾರು ಕೊಡ್ತಾರೆ ಈ ಕಾಲದಲ್ಲಿ ಎಂದು ನಿಮ್ಮ ಅಂಗಡಿಯನ್ನು ಹೊಗಳಿದಳು. ನಿಮ್ಮ ಕೆಲಸದ ಬೆಲೆ ಅವಳ ಕಾಲಲ್ಲಿತ್ತು. ನಾನು ಚೆನ್ನಾಗಿ ಕಾಣ್ತಿದೆ ಎಂದೆ.

ಆ ಎಂಟು ತಿಂಗಳನ್ನು ಬರೆಯುವುದು ಕಷ್ಟ. ಅಕ್ಕ ಹೊಸ್ತಿಲು ಎಡವುತ್ತಿದ್ದಳು. ಆಕಾಶದಲ್ಲಿ ಏನಿದೆ ಅಂತ ನೋಡ್ತಾ ನಡೀತೀಯೆ, ನೆಲ ನೋಡು ಎಂದು ರೇಗಿಸುತ್ತಿದ್ದೆ, ಅವಳೂ ನಗುತ್ತಿದ್ದಳು. ಹೊಲಿಗೆ ಮೆಷಿನ್ನಿನ ಪೆಡಲ್ ಸರಿಯಿಲ್ಲ, ಒತ್ತಿದ್ದು ತಿಳಿಯುವುದೇ ಇಲ್ಲ, ಬೇಕಾದಾಗ ನಿಲ್ಲುವುದೂ ಇಲ್ಲ ಎಂದು ದೂರತೊಡಗಿದಳು. ರಿಪೇರಿಯವರನ್ನು ಎರಡು ಸಲ ಕರೆಸಿದೆವು. ಪೆಡಲ್ ಹೊಸದರ ಹಾಗಿದೆ ಅಮ್ಮಾ ಎಂದು ಅವರು ಎರಡು ಸಲವೂ ಹೇಳಿಹೋದರು. ಅವರು ಹೋದ ಮೇಲೆ ಅಕ್ಕ ತನ್ನ ಬಲಪಾದವನ್ನು ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟದ್ದನ್ನು ಅಡುಗೆಮನೆಯಿಂದ ನೋಡಿದೆ. ನೋಡಿ, ಒಲೆಯ ಕಡೆಗೆ ತಿರುಗಿಕೊಂಡೆ.

ಓಟದ ದಿನದ ಕಥೆಯನ್ನೂ ಕೇಳಿ. ಮೂರನೆಯ ಕಿಲೋಮೀಟರಿಗೆ ನನ್ನ ಉಸಿರು ಬಾಯಿಗೆ ಬಂತು. ಮುಂದಾಳಿನ ಮರ್ಯಾದೆ ಉಳಿಯಬೇಕಲ್ಲ, ಕಾಲು ಉಳುಕಿತೆಂದು ಕುಂಟಿದೆ. ಇಬ್ಬರು ಹೆಗಲು ಕೊಟ್ಟು ಮನೆಗೆ ಬಿಟ್ಟರು. ಅಕ್ಕ ಗಾಬರಿಯಿಂದ ಬಂದು, ನೆಲದ ಮೇಲೆ ಕೂತು, ನನ್ನ ಏನೂ ಆಗದ ಕಾಲಿಗೆ ಅರ್ಧ ಗಂಟೆ ಎಣ್ಣೆ ತಿಕ್ಕಿದಳು. ಏಳುವಾಗ ಅವಳಿಗೆ ಏಳಲಾಗಲಿಲ್ಲ. ಗೋಡೆ ಹಿಡಿದು ಎದ್ದಳು. ಆಗಲೂ ನಾನು ಹೇಳಲಿಲ್ಲ. ಅಷ್ಟು ಹೊತ್ತಿಗೆ ಹೇಳಬೇಕಾದದ್ದು ಒಂದಾಗಿ ಉಳಿದಿರಲಿಲ್ಲ. ಶೂ, ಓಟ, ಕಸದ ತೊಟ್ಟಿ, ದೂರು, ಗೋದಾಮಿನಲ್ಲಿ ಕೂತ ನೀವು, ಎಲ್ಲವನ್ನೂ ಹೇಳಬೇಕಿತ್ತು. ಒಂದು ಎಳೆದರೆ ಎಲ್ಲ ಬರುತ್ತಿತ್ತು.

ಎಂಟನೆಯ ತಿಂಗಳು ಅವಳು ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಬಿದ್ದಳು. ಮಣಿಕಟ್ಟು ಮುರಿಯಿತು. ಮಣಿಕಟ್ಟಿಗೆಂದು ಹೋದ ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ನಡೆಸಿ ನೋಡಿದರು, ಹಿಮ್ಮಡಿಯ ಮೇಲೆ ನಿಲ್ಲಲು ಹೇಳಿದರು. ಬಲಪಾದ ಏಳಲಿಲ್ಲ. ಅವರು ಬಾಗಿ ನೆಲದ ಮೇಲಿದ್ದ ಅವಳ ಶೂ ಎತ್ತಿ, ನೀವು ಮಾಡಿದ ಹಾಗೆಯೇ, ಎರಡನ್ನೂ ಮಗುಚಿ ಅಕ್ಕಪಕ್ಕ ಹಿಡಿದರು. ಇದು ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಹೊಸ ಶೂ ಡಾಕ್ಟ್ರೇ, ಅಂಗಡಿಯವರು ಪ್ರೀತಿಯಿಂದ ಕೊಟ್ಟಿದ್ದು ಎಂದಳು ಅಕ್ಕ. ಹಳೆಯದಿದ್ದರೆ ಎಂದಿನಿಂದ ಶುರುವಾಯಿತೆಂದು ತಿಳಿಯುತ್ತಿತ್ತು ಎಂದರು ಅವರು. ಅಕ್ಕ ನನ್ನ ಮುಖ ನೋಡಿದಳು. ಅಂಗಡಿಯವರು ಇಟ್ಟುಕೊಂಡರು ಎಂದೆ. ಡಾಕ್ಟರ ಎದುರಿಗೂ ಅದನ್ನೇ ಹೇಳಿದೆ.

ಬೆನ್ನುಮೂಳೆಯೊಳಗೆ ಒಂದು ಗಂಟು ಬೆಳೆದು ನರವನ್ನು ಒತ್ತುತ್ತಿತ್ತು. ಕೆಟ್ಟ ಗಂಟಲ್ಲ. ತೆಗೆದರು. ಜೀವಕ್ಕೆ ಭಯವಿಲ್ಲ, ಅಷ್ಟು ದಿನ ಅವಳು ಯಾರಿಗೂ ಹೇಳದೆ ನುಂಗಿಕೊಂಡಿದ್ದ ಬೆನ್ನು ನೋವು ಹೋಯಿತು, ಆದರೆ ಪಾದ ಏಳಲಿಲ್ಲ. ಈಗ ಮೀನಖಂಡಕ್ಕೆ ಪಟ್ಟಿ ಕಟ್ಟುವ ಒಂದು ಆಸರೆಯನ್ನು ಶೂವಿನೊಳಗೆ ಹಾಕಿಕೊಂಡು ನಡೆಯುತ್ತಾಳೆ. ಎಂಟು ತಿಂಗಳು ಮುಂಚೆ ಬಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಹೊರಗೆ ತಡೆದು ಕೇಳಿದೆ. ಖಂಡಿತವಾಗಿ ಹೇಳುವುದಕ್ಕೆ ಆಗುವುದಿಲ್ಲ, ಆದರೆ ನರದ ವಿಷಯದಲ್ಲಿ ಕಾದಷ್ಟೂ ಕಷ್ಟ ಎಂದರು. ಖಂಡಿತವಾಗಿ ಹೇಳಿದ್ದರೆ ಒಳ್ಳೆಯದಿತ್ತು. ಹೌದು ಅಂದಿದ್ದರೆ ಅತ್ತು ಮುಗಿಸುತ್ತಿದ್ದೆ, ಇಲ್ಲ ಅಂದಿದ್ದರೆ ಮರೆಯುತ್ತಿದ್ದೆ. ಈಗ ಎರಡೂ ಆಗದೆ, ಬೆಳಿಗ್ಗೆ ಅವಳು ಆಸರೆಯ ಪಟ್ಟಿ ಎಳೆಯುವ ಸದ್ದಿಗೆ ಎಚ್ಚರವಾಗಿ ಸೂರು ನೋಡುತ್ತ ಮಲಗಿರುತ್ತೇನೆ.

ಕಳೆದ ತಿಂಗಳು ನಿಮ್ಮ ಅಂಗಡಿಗೆ ಬಂದಿದ್ದೆ. ಗಿಡ್ಡ ಸ್ಟೂಲಿನ ಮೇಲೆ ಬೇರೆ ಯಾರೋ ಇದ್ದರು. ಕೂತಲ್ಲೇ ಪಾದ ಅಳೆದರು, ಹಳೆಯ ಶೂ ಕೇಳಲೂ ಇಲ್ಲ. ಗೋದಾಮಿಗೆ ಹಾಕಿದ ಮೂರು ತಿಂಗಳಿಗೆ ನೀವು ಕೆಲಸ ಬಿಟ್ಟಿರೆಂದು ತಿಳಿಯಿತು. ದೂರನ್ನು ಹಿಂತೆಗೆದುಕೊಳ್ಳುತ್ತೇನೆ, ಅವರು ಹೇಳಿದ್ದು ಅಕ್ಷರಶಃ ನಿಜ, ಸುಳ್ಳು ಹೇಳಿದವಳು ನಾನು ಎಂದು ಮಾಲೀಕರಿಗೆ ಬರೆದುಕೊಟ್ಟೆ. ವಾರದ ನಂತರ ಉತ್ತರ ಬಂತು. "ತಮ್ಮ ಪತ್ರ ತಲುಪಿದೆ. ಸದರಿ ಪ್ರಕರಣವು ಈಗಾಗಲೇ ಮುಕ್ತಾಯಗೊಂಡಿದೆ." ಈ ಸಾಲನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರಿಗೆ ಬರೆದಿದ್ದೇನೆಂದು ಲೆಕ್ಕವಿಲ್ಲ. ಓದುವವರಿಗೆ ಹೇಗಿರುತ್ತದೆಂದು ಈಗ ತಿಳಿಯಿತು. ನಿಮ್ಮ ವಿಳಾಸ ಕೊಡುವುದಿಲ್ಲವೆಂದರು, ಕೊಡಬಾರದು ಕೂಡ. ಗೋದಾಮಿನ ಹಿರಿಯರು ಮಾತ್ರ ಹಿಂದಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಬರೆದುಕೊಟ್ಟರೆ ತಲುಪಿಸುವುದಾಗಿ ಹೇಳಿದರು. ನಾನು ಯಾರೆಂದು ಅವರಿಗೆ ಗೊತ್ತಾಯಿತು, ಅವರ ಕಣ್ಣಲ್ಲೇ ಇತ್ತು. ಆದರೂ ಒಪ್ಪಿದರು.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ನಿಮಗೆ ಕಳಿಸಿ, ಅಕ್ಕನಿಗೆ ಮಾತ್ರ ಹೇಳದೆ ಉಳಿದರೆ ಇದು ಇನ್ನೊಂದು ಕಳ್ಳಾಟ ಎಂದು ನನಗೇ ಅನ್ನಿಸಿತು. ಕಳೆದ ಭಾನುವಾರ ಮಧ್ಯಾಹ್ನ ಈ ಹಾಳೆಗಳನ್ನು ಹೊಲಿಗೆ ಮೆಷಿನ್ನಿನ ಮೇಲಿಟ್ಟು ನನ್ನ ಕೋಣೆಗೆ ಹೋದೆ. ಅವಳು ಒಂದೊಂದೇ ಹಾಳೆ ಮಗುಚುವ ಸದ್ದು ಕೇಳುತ್ತಿತ್ತು. ಆಮೇಲೆ ಮೆಷಿನ್ ಶುರುವಾಯಿತು. ಈಗ ಎಡಗಾಲಲ್ಲಿ ಒತ್ತುವುದು ಕಲಿತಿದ್ದಾಳೆ. ಸಂಜೆಯಾಗುವವರೆಗೂ ಹೊಲಿದಳು.

ಎರಡು ದಿನ ಮಾತಿಲ್ಲ. ಅನ್ನ ಬಡಿಸುತ್ತಿದ್ದಳು, ನೀರು ಇಡುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಬೈದಿದ್ದರೆ, ಮನೆ ಬಿಟ್ಟು ಹೋಗು ಎಂದಿದ್ದರೆ ಪೆಟ್ಟಿಗೆ ಕಟ್ಟಿಕೊಳ್ಳುತ್ತಿದ್ದೆ. ಮೂರನೆಯ ದಿನ ಊಟದ ಮಧ್ಯೆ, ತಟ್ಟೆಯನ್ನೇ ನೋಡುತ್ತ ಹೇಳಿದಳು.

"ಆ ಹುಡುಗಿ ನನ್ನ ಮುಖಾನೂ ನೋಡಿರ್ಲಿಲ್ಲ. ಆದ್ರೂ ನನ್ನ ಕಾಲಿಗೆ ಏನಾಗಿದೆ ಅಂತ ಅವಳಿಗೆ ಕಾಣಿಸ್ತು. ನೀನು ದಿನಾ ಇಲ್ಲೇ ನನ್ನ ಎದುರಿಗೆ ಕೂತು ಊಟ ಮಾಡ್ತಿದ್ದೆ."

ಕಲೆಸಿದ ಅನ್ನವನ್ನು ನಾನು ತಟ್ಟೆಯ ಅಂಚಿಗೆ ಸರಿಸಿದೆ. ತಟ್ಟೆ ಎತ್ತಿಕೊಂಡು ಏಳುತ್ತ, ಅವಳಿಗೆ ಬರಿ, ನಾನು ಹೇಳಿದೆ ಅಂತ ಬರಿ, ಅವಳು ಹೇಳಿದ್ದು ಸರಿಯಿತ್ತು ಅಂತ ಬರಿ ಎಂದಳು. ಬರೆದಿದ್ದೇನೆ. ಇದು ಅಕ್ಕನ ಮಾತು, ನನ್ನದಲ್ಲ, ಆದ್ದರಿಂದ ನೀವು ನಂಬಬಹುದು.

ಕ್ಷಮಿಸಿದೆಯಾ ಎಂದು ಅವಳನ್ನು ಕೇಳಿದೆ. ಅದಕ್ಕೆ ಏನೂ ಹೇಳಲಿಲ್ಲ. ನಿಮ್ಮನ್ನು ನಾನು ಕೇಳುವುದಿಲ್ಲ. ಕೇಳಿದರೆ ಉತ್ತರ ಕೊಡುವ ಹೊರೆಯೂ ನಿಮ್ಮ ಮೇಲೆಯೇ ಬೀಳುತ್ತದೆ. ನಿಮಗೆ ಎಲ್ಲಿಯಾದರೂ ಕೆಲಸಕ್ಕೆ ಒಂದು ಪತ್ರ ಬೇಕಾದರೆ, ನಡೆದದ್ದನ್ನು ನಡೆದ ಹಾಗೆ, ನನ್ನ ಹೆಸರು ವಿಳಾಸ ಹಾಕಿ ಬರೆದು ಇದರ ಜೊತೆಗೆ ಇಟ್ಟಿದ್ದೇನೆ. ಅದರಲ್ಲಿ ಮಾತ್ರ ನಿಮ್ಮ ಹೆಸರಿದೆ. ಬೇಡವಾದರೆ ಹರಿದುಹಾಕಿ.

ನಿನ್ನೆ ಸಂಜೆ ಅಕ್ಕ ಆಪರೇಷನ್ ಆದ ಮೇಲೆ ಮೊದಲ ಸಲ ಪಾರ್ಕಿಗೆ ಹೊರಟಳು. ನಾನೂ ಬರಲೇ ಎಂದೆ, ಬೇಡವೆನ್ನಲಿಲ್ಲ. ಗೇಟು ದಾಟಿದ ಮೇಲೆ ಕೈ ಹಿಡಿಯೋಣವೆಂದು ಅವಳ ಪಕ್ಕಕ್ಕೆ ಹೋದೆ. ಅವಳು ನಿಂತು, ನನ್ನ ಕೈ ಬಿಡಿಸಿ, ಹಿಂದಕ್ಕೆ ತೋರಿಸಿದಳು.

"ಪಕ್ಕದಲ್ಲಿ ಬೇಡ. ಹಿಂದೆ ಬಾ. ನೋಡ್ಕೊಂಡು ಬಾ."

ಪಾರ್ಕಿನ ಸುತ್ತು ಮುಗಿಯುವವರೆಗೂ ನೋಡಿಕೊಂಡು ನಡೆದೆ. ಇವತ್ತೂ ಹೋಗಬೇಕು, ಅವಳು ಆಗಲೇ ಬಾಗಿಲ ಹತ್ತಿರ ನಿಂತಿದ್ದಾಳೆ.

ನೀವು ಎಲ್ಲೇ ಕೂತು ಏನೇ ಕೆಲಸ ಮಾಡುತ್ತಿದ್ದರೂ ಚೆನ್ನಾಗಿರಿ. ಕಂಡದ್ದನ್ನು ಹೇಳುವ ನಿಮ್ಮ ಅಭ್ಯಾಸ ನನ್ನಂಥವಳ ದೆಸೆಯಿಂದ ಬಿಟ್ಟುಹೋಗದಿರಲಿ, ನಿಮ್ಮ ಮಾತಿಗೆ ಕಿವಿಗೊಡುವವರೇ ಇನ್ನು ಮುಂದೆ ನಿಮಗೆ ಸಿಗಲಿ.

ಇಂತಿ,
ಆ ಅಕ್ಕನ ತಂಗಿ